ಬಳ್ಳಾರಿಯಲ್ಲಿ ಓದಿದ ಉಪಾಧ್ಯಕ್ಷ

(ಮಲ್ಲೇಶ್ವರಂ ಹದಿನೈದನೇ ಕ್ರಾಸಿನ ಹಳೆಯ ಮನೆಯೊಂದರ ಜಗಲಿ. ಅತ್ತೆ ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳಿ ನಿವೃತ್ತರಾದವರು. ಅಳಿಯ, ಅಂದರೆ ಅವರ ಅಣ್ಣನ ಮಗ, ಕಂಪನಿ ಕೆಲಸದ ಮೇಲೆ ನೈರೋಬಿಯಲ್ಲಿದ್ದು ಬಂದವನು.)

ಅತ್ತೆ: ಕೀನ್ಯಾದ ಅಧ್ಯಕ್ಷನಾಗಿದ್ದ ಕೆನ್ಯಾಟಾ ಬಗ್ಗೆ ಬರೀತೀನಿ ಅಂತಿದ್ದೆಯಲ್ಲ, ಮುಗೀತೇನೋ?

ಅಳಿಯ: ಶುರು ಮಾಡಿದ್ದೆ, ಅರ್ಧಕ್ಕೇ ಬಿಟ್ಟೆ. ನೈರೋಬಿಯಲ್ಲಿ ಇಳಿಯೋ ವಿಮಾನ ನಿಲ್ದಾಣಕ್ಕೆ ಅವನ ಹೆಸರು, ದೊಡ್ಡಾಸ್ಪತ್ರೆಗೆ ಅವನ ಹೆಸರು, ಊರ ನಡುವಿನ ರಸ್ತೆಗೂ ಅವನ ಹೆಸರು. ಅವನ ಕತೆ ಹೇಳೋಕೆ ನಾನೇ ಆಗಬೇಕಾಗಿಲ್ಲ. ಅವನ ಪಕ್ಕದ ಕುರ್ಚಿಯಲ್ಲಿ ಕೂತು ಎದ್ದುಹೋದ ಒಬ್ಬರಿದ್ದಾರೆ, ಜೋಸೆಫ್ ಮುರುಂಬಿ ಅಂತ. ಕೀನ್ಯಾದ ಎರಡನೇ ಉಪಾಧ್ಯಕ್ಷರು. ಅವರು ಎಲ್ಲಿ ಓದಿದ್ದು ಹೇಳಿ ನೋಡೋಣ.

ಅತ್ತೆ: ಲಂಡನ್ನಲ್ಲಿ. ಆ ಕಾಲದೋರೆಲ್ಲ ಇನ್ನೆಲ್ಲಿ ಓದ್ತಿದ್ರು?

ಅಳಿಯ: ಬೆಂಗಳೂರಿನ ಗುಡ್ ಶೆಫರ್ಡ್ ಕಾನ್ವೆಂಟಲ್ಲಿ. ಆಮೇಲೆ ಬಳ್ಳಾರಿಯ ಸೇಂಟ್ ಪ್ಯಾಂಕ್ರಾಸ್ ಹೈಸ್ಕೂಲಲ್ಲಿ.

ಅತ್ತೆ: ಬಳ್ಳಾರೀಲಾ! ಮೂವತ್ತು ವರ್ಷ ಮಕ್ಕಳಿಗೆ ವಸಾಹತುಶಾಹಿ ಪಾಠ ಹೇಳಿದೀನಿ, ಈ ಹೆಸರು ಒಂದು ಸಲಾನೂ ನನ್ನ ಬಾಯಲ್ಲಿ ಬಂದಿಲ್ಲ. ಅಷ್ಟು ದೂರದಿಂದ ಇಲ್ಲಿಗೆ ಹೇಗೆ ಬಂದ?

ಅಳಿಯ: ತಂದೆ ಗೋವಾ ಮೂಲದ ವ್ಯಾಪಾರಿ, ಜುಜಾರ್ಟೆ ಅಂತ ಮನೆತನದ ಹೆಸರು. ತಾಯಿ ಮಾಸಾಯಿ ಜನಾಂಗದೋರು. ಅವರ ಕುಲದ ಲೈಬೋನ್, ಅಂದ್ರೆ ಮಂತ್ರ, ಮದ್ದು, ಶಕುನ ಎಲ್ಲ ಬಲ್ಲ ಹಿರಿಯ, ಅವರ ಮಗಳು. 1911ರ ಜೂನ್ 18ರಂದು ಕೀನ್ಯಾದಲ್ಲಿ ಹುಟ್ಟಿದ್ದು. ಮಗ ಚೆನ್ನಾಗಿ ಓದಲಿ ಅಂತ ತಂದೆ ಎಳೆವಯಸ್ಸಲ್ಲೇ ಹಡಗು ಹತ್ತಿಸಿ ಇಂಡಿಯಾಕ್ಕೆ ಕಳಿಸಿಬಿಟ್ರು. ಬಾಲ್ಯ, ಹರೆಯ ಎಲ್ಲ ಇಲ್ಲೇ ಕಳೀತು. ಹಿಂತಿರುಗಿ ಹೋದಾಗ ತಾಯಿಯ ಭಾಷೆಯ ಗಂಧವೂ ಇರಲಿಲ್ಲ.

ಅತ್ತೆ: ಗುಡ್ ಶೆಫರ್ಡ್ ಅಂದ್ರೆ ಮ್ಯೂಸಿಯಂ ರಸ್ತೆ. ಇಲ್ಲಿಂದ ಈಗ ಆಟೋದಲ್ಲಿ ಅರ್ಧ ಗಂಟೆ, ಟ್ರಾಫಿಕ್ ಇಲ್ಲದಿದ್ರೆ. ಆದರೆ ಆ ಹುಡುಗ ಇದ್ದ ಕಾಲಕ್ಕೆ ಅದು ಬೇರೆ ಆಡಳಿತ ಕಣೋ. ಕಂಟೋನ್ಮೆಂಟು ಇಂಗ್ಲಿಷರ ಕೈಲಿ, ಈ ಕಡೆ ಪೇಟೆ, ಬಸವನಗುಡಿ, ಮಲ್ಲೇಶ್ವರಂ ಮಹಾರಾಜರ ಕೈಲಿ. 1898ರ ಪ್ಲೇಗ್ ಆದಮೇಲೆ ಕಟ್ಟಿದ ಬಡಾವಣೆ ಇದು, ಆಗ ಇನ್ನೂ ಹೊಸದು. ಈ ಬೀದಿಯೋರು ಆ ಹುಡುಗನ್ನ ಕಂಡಿರೋದು ಅನುಮಾನ. ಕಂಡಿದ್ರೂ ಏನು ಅಂದಿರ್ತಿದ್ರು ಅಂತ ಯೋಚನೆ ಮಾಡು.

ಅಳಿಯ: ಈಗ ಮಾತ್ರ ಏನು ಸುಧಾರಿಸಿದೀವಿ? 2016ರಲ್ಲಿ ಹೆಸರಘಟ್ಟ ರಸ್ತೇಲಿ ತಾಂಜಾನಿಯಾದ ವಿದ್ಯಾರ್ಥಿನಿ ಮೇಲೆ ಗುಂಪು ಕೈಮಾಡ್ತಲ್ಲ. ಅಪಘಾತ ಮಾಡಿದೋನು ಯಾರೋ ಸೂಡಾನಿನೋನು, ಏಟು ಬಿದ್ದಿದ್ದು ಆ ಹುಡುಗಿಗೆ. ಆಫ್ರಿಕಾ ಅಂದ್ರೆ ನಮಗೆ ಒಂದೇ ದೇಶ.

ಅತ್ತೆ: ಸರಿ, ಮುಂದಕ್ಕೆ ಹೇಳು. ನಿಮ್ಮ ಮುರುಂಬಿ ಸ್ವಾತಂತ್ರ್ಯದ ಗಲಾಟೆಗೆ ಬಿದ್ದದ್ದು ಯಾವಾಗ?

ಅಳಿಯ: ತಡವಾಗಿ. ಸೋಮಾಲಿಯಾದಲ್ಲಿ ಬ್ರಿಟಿಷ್ ಮಿಲಿಟರಿ ಆಡಳಿತದ ಕಚೇರೀಲಿ ಸುಮಾರು ಹತ್ತು ವರ್ಷ ಗುಮಾಸ್ತರಾಗಿದ್ರು. ಐವತ್ತರ ದಶಕದ ಶುರುವಲ್ಲಿ ವಾಪಸ್ ಬಂದು ಕೀನ್ಯಾ ಆಫ್ರಿಕನ್ ಯೂನಿಯನ್ ಸೇರಿದ್ರು. ತಂದೆಯ ಹೆಸರು ಹಿಂದೆ ಸರೀತು, ತಾಯಿ ಕಡೆಯ ಮುರುಂಬಿ ಅನ್ನೋ ಹೆಸರು ಮುಂದೆ ಬಂತು. ಗೋವನ್ನನಾಗಿ ಉಳಿದಿದ್ರೆ ಅವತ್ತಿನ ಕೀನ್ಯಾದಲ್ಲಿ ಸಂಬಳ ಜಾಸ್ತಿ, ಮರ್ಯಾದೆ ಜಾಸ್ತಿ. ಬಿಳಿಯರು ಮೇಲೆ, ಏಷ್ಯಾದೋರು ನಡುವೆ, ಆಫ್ರಿಕನ್ನರು ಕೆಳಗೆ ಅಂತ ಮೆಟ್ಟಿಲು ಕಟ್ಟಿಟ್ಟಿದ್ರು. ಇವರು ಬೇಕೂಂತಲೇ ಒಂದು ಮೆಟ್ಟಿಲು ಇಳಿದ್ರು.

ಅತ್ತೆ: ಅದು ನಂಗೆ ಇಷ್ಟವಾಯ್ತು.

ಅಳಿಯ: ಸೇರಿ ಸ್ವಲ್ಪ ದಿನಕ್ಕೇ, 1952ರ ಅಕ್ಟೋಬರ್ 20ಕ್ಕೆ, ಮೌ ಮೌ ಅನ್ನೋ ಸಶಸ್ತ್ರ ದಂಗೆ ಹತ್ತಿಕ್ಕೋಕೆ ಅಂತ ತುರ್ತುಪರಿಸ್ಥಿತಿ ಬಂತು. ಕೆನ್ಯಾಟಾ, ಅವನ ಜೊತೆಗಾರರು ಎಲ್ಲ ಒಳಗೆ. ಸಂಘಟನೆಯ ಪ್ರಧಾನ ಕಾರ್ಯದರ್ಶಿ ಕೆಲಸ ಇವರ ತಲೆ ಮೇಲೆ ಬಿತ್ತು. ಕಪೆಂಗುರಿಯಾ ಅನ್ನೋ ಮೂಲೆಯೂರಲ್ಲಿ ಮೊಕದ್ದಮೆ. ವಕೀಲರನ್ನ ಹುಡುಕಿ ತರೋದ್ರಲ್ಲಿ ಮುರುಂಬಿ ಓಡಾಟ ದೊಡ್ಡದು. ಲಂಡನ್ನಿಂದ ಡಿ. ಎನ್. ಪ್ರಿಟ್ ಬಂದ್ರು, ಇಂಡಿಯಾದಿಂದ ದಿವಾನ್ ಚಮನ್ ಲಾಲ್ ಬಂದ್ರು, ನೈರೋಬಿಯ ಅಚ್ಛ್ರೂ ಕಪಿಲಾ, ಜಸ್ವಂತ್ ಸಿಂಗ್, ಗೋವಾ ಮೂಲದ ಫಿಟ್ಜ್ ಡಿಸೋಜಾ ನಿಂತ್ರು.

ಅತ್ತೆ: ಆ ಮೊಕದ್ದಮೆ ನಾನು ಪಾಠದಲ್ಲಿ ಹೇಳ್ತಿದ್ದೆ. ನ್ಯಾಯಾಧೀಶ ಥ್ಯಾಕರನಿಗೆ ಸರ್ಕಾರವೇ 20,000 ಪೌಂಡ್ ಗುಟ್ಟಾಗಿ ಕೊಟ್ಟಿತ್ತು. ಮುಖ್ಯ ಸಾಕ್ಷಿ ರಾಸನ್ ಮಚಾರಿಯಾ, 1958ರಲ್ಲಿ ತಾನು ಹೇಳಿದ್ದು ಸುಳ್ಳು ಅಂತ ಒಪ್ಪಿಕೊಂಡ. ಅಷ್ಟರಲ್ಲಿ ಕೆನ್ಯಾಟಾ ಏಳು ವರ್ಷದ ಕಠಿಣ ಶಿಕ್ಷೆಯನ್ನ ಮರುಭೂಮಿಯ ಲೋಕಿಟೌಂಗ್‌ನಲ್ಲಿ ಹೆಚ್ಚೂಕಡಿಮೆ ಮುಗಿಸಿದ್ದ. ನೈರೋಬಿ ಪುರಸಭೆಯಲ್ಲಿ ನೀರಿನ ಮೀಟರ್ ಓದ್ತಿದ್ದ ಹುಡುಗ, ಲಂಡನ್ನಿಗೆ ಹೋಗಿ ಮಾಲಿನೋವ್‌ಸ್ಕಿ ಕೈಕೆಳಗೆ ಮಾನವಶಾಸ್ತ್ರ ಓದಿ, 1938ರಲ್ಲಿ ತನ್ನ ಕಿಕುಯು ಜನರ ಬಗ್ಗೆ ಪುಸ್ತಕ ಬರೆದು ಬಂದವನು. ಅವನನ್ನ ಮಣ್ಣಲ್ಲಿ ಹೂತ್ವಿ ಅಂತ ಇಂಗ್ಲಿಷರು ಅಂದ್ಕೊಂಡ್ರು. 1961ರಲ್ಲಿ ಹೊರಗೆ ಬಂದ, 1963ರಲ್ಲಿ ಪ್ರಧಾನಿ, 1964ರಲ್ಲಿ ಅಧ್ಯಕ್ಷ. ಅಷ್ಟೂ ಹೊತ್ತು ಮುರುಂಬಿ ಎಲ್ಲಿದ್ದ?

ಅಳಿಯ: ದೇಶದ ಹೊರಗೆ. 1953ರಲ್ಲಿ ಮೊದಲು ಬಂದಿದ್ದೇ ಇಂಡಿಯಾಕ್ಕೆ, ಬೆಂಬಲ ಕೇಳ್ಕೊಂಡು. ಆಮೇಲೆ ಕೈರೋ, ಅಲ್ಲಿಂದ ಲಂಡನ್. ಅಲ್ಲಿ ಬ್ರಿಟಿಷ್ ಸಂಸದ ಫೆನ್ನರ್ ಬ್ರಾಕ್‌ವೇ ಜೊತೆ ವಸಾಹತು ವಿಮೋಚನೆಯ ಚಳವಳೀಲಿ ದುಡಿದ್ರು, ಹೊಟ್ಟೆಪಾಡಿಗೆ ಮೊರಾಕೊ ರಾಯಭಾರ ಕಚೇರೀಲಿ ಕೆಲಸ. ಒಂಬತ್ತು ವರ್ಷ ಹೆಚ್ಚೂಕಡಿಮೆ.

ಅತ್ತೆ: 1953 ಅಂದೆಯಲ್ಲ, ಅದೇ ವರ್ಷ ಅಕ್ಟೋಬರ್ ಒಂದಕ್ಕೆ ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿದ್ದು. ಇವನು ಓದುವಾಗ ಅದು ಮದರಾಸು ಪ್ರಾಂತ. ನಾವು ಅತ್ತ ಒಂದು ಜಿಲ್ಲೆಗೆ ಬಡಿದಾಡ್ತಾ ಇದ್ವಿ, ಆ ಜಿಲ್ಲೇಲಿ ಓದಿದೋನು ಇತ್ತ ಒಂದು ದೇಶಕ್ಕೆ ಬಡಿದಾಡ್ತಾ ಇದ್ದ. ಹೂಂ, ಮುಂದೆ.

ಅಳಿಯ: ಮುಂದೆ ಹೇಳೋಕೆ ಇನ್ನೊಬ್ಬನನ್ನ ಕರೀಬೇಕು. ಪಿಯೋ ಗಾಮಾ ಪಿಂಟೋ. ಅವನೂ ಗೋವಾ ಮೂಲ, 1927ರಲ್ಲಿ ನೈರೋಬೀಲಿ ಹುಟ್ಟಿದ್ದು, ಅವನನ್ನೂ ಓದೋಕೆ ಈ ಕಡೆ ಕಳಿಸಿದ್ರು. ಧಾರವಾಡದ ಕರ್ನಾಟಕ ಕಾಲೇಜಲ್ಲಿ ಎರಡು ವರ್ಷ ವಿಜ್ಞಾನ ಓದಿ, 1944ರಲ್ಲಿ ವಾಯುಪಡೆ ಸೇರಿದ.

ಅತ್ತೆ: ಸ್ವಲ್ಪ ನಿಲ್ಲು. 1944ಕ್ಕೆ ಮೊದಲಿನ ಎರಡು ವರ್ಷ ಧಾರವಾಡದಲ್ಲಿ? ಅಂದ್ರೆ ಕ್ವಿಟ್ ಇಂಡಿಯಾ ಸುಡ್ತಿದ್ದ ಕಾಲ. ಮೈಲಾರ ಮಹಾದೇವಪ್ಪ ಹೊಸರಿತ್ತಿಯಲ್ಲಿ ಗುಂಡೇಟಿಗೆ ಸತ್ತದ್ದು 1943ರ ಏಪ್ರಿಲ್ ಒಂದಕ್ಕೆ. ಹೊಸರಿತ್ತಿ ಆಗ ಧಾರವಾಡ ಜಿಲ್ಲೆ. ಹದಿನಾರು ಹದಿನೇಳರ ಹುಡುಗನ ಕಿವಿಗೆ ಅದು ಬೀಳದೆ ಇರತ್ತಾ?

ಅಳಿಯ: ಬಿದ್ದಿತ್ತು ಅಂತ ಬರೆಯೋಕೆ ನನ್ನ ಹತ್ರ ದಾಖಲೆ ಇಲ್ಲ ಅತ್ತೆ.

ಅತ್ತೆ: ದಾಖಲೆ ಇಲ್ಲ ಅಂತಲೇ ಬರಿ. ಆದರೆ ಎರಡು ಇಸವೀನೂ ಅಕ್ಕಪಕ್ಕ ಇಡು. ಓದೋರು ದಡ್ಡರಲ್ಲ.

ಅಳಿಯ: ಆಮೇಲೆ ಬೊಂಬಾಯಲ್ಲಿ ಅಂಚೆ ತಂತಿ ಇಲಾಖೆ ಕೆಲಸ, ಮುಷ್ಕರ, ಪೋರ್ಚುಗೀಸರ ವಿರುದ್ಧ ಗೋವಾ ಚಳವಳಿ. ಹಿಡಿದು ಹಾಕ್ತಾರೆ ಅನ್ನೋವಾಗ 1949ರಲ್ಲಿ ಕೀನ್ಯಾಕ್ಕೆ ಹೋದ. ಅಲ್ಲಿ ಮೌ ಮೌ ಹೋರಾಟಗಾರರಿಗೆ ನೆರವು ಕೊಟ್ಟ ಅಂತ 1954ರಲ್ಲಿ ಬಂಧನ, ಮಾಂಡಾ ದ್ವೀಪದ ಶಿಬಿರದಲ್ಲಿ ವರ್ಷಗಟ್ಟಲೆ. ಸ್ವಾತಂತ್ರ್ಯ ಬಂದಮೇಲೆ ಸಂಸತ್ತಿಗೆ ಬಂದ. ಮುರುಂಬಿಗೆ ತಮ್ಮನಷ್ಟು ಹತ್ತಿರ. ಪಿಂಟೋನ ಒಂದೇ ಹಟ ಭೂಮಿ. ಬಿಳಿಯರು ಬಿಟ್ಟುಹೋದ ಜಮೀನು ಇಲ್ಲದವರಿಗೆ ಹೋಗ್ಬೇಕು ಅಂತ. ಕೆನ್ಯಾಟಾ ಸುತ್ತ ಇದ್ದೋರಿಗೆ ಅದು ಬೇಕಾಗಿರ್ಲಿಲ್ಲ. 1965ರ ಫೆಬ್ರವರಿ 24, ಬೆಳಿಗ್ಗೆ, ಮನೆ ಗೇಟಿನ ಹತ್ರ ಕಾರಲ್ಲಿದ್ದಾಗ ಗುಂಡು ಹಾರಿಸಿದ್ರು. ಹಿಂದಿನ ಸೀಟಲ್ಲಿ ಪುಟ್ಟ ಮಗಳಿದ್ಲು. ಸ್ವತಂತ್ರ ಕೀನ್ಯಾದ ಮೊದಲ ರಾಜಕೀಯ ಕೊಲೆ. ಕಿಸಿಲು ಮುಟುವಾ ಅನ್ನೋ ಹುಡುಗನ್ನ ಹಿಡಿದು ಶಿಕ್ಷೆ ಕೊಟ್ರು. ನಾನಲ್ಲ ನಾನಲ್ಲ ಅಂತಲೇ ಇದ್ದ, 2001ರಲ್ಲಿ ಬಿಡುಗಡೆ. ಕೊಲ್ಲಿಸಿದೋರು ಯಾರು ಅಂತ ಇವತ್ತಿಗೂ ಯಾವ ಕೋರ್ಟೂ ಹೇಳಿಲ್ಲ.

ಅತ್ತೆ: ಆಗ ಮುರುಂಬಿ ಏನಾಗಿದ್ದ?

ಅಳಿಯ: ವಿದೇಶಾಂಗ ಮಂತ್ರಿ. 1964ರಿಂದ.

ಅತ್ತೆ: ರಾಜೀನಾಮೆ ಕೊಟ್ಟನೇ?

ಅಳಿಯ: ಆಗ ಇಲ್ಲ.

ಅತ್ತೆ: ಉಪಾಧ್ಯಕ್ಷ ಆದದ್ದು?

ಅಳಿಯ: 1966ರ ಮೇ.

ಅತ್ತೆ: ಹದಿನೈದು ತಿಂಗಳು. ಗೆಳೆಯನ ಹೆಣ ಬಿದ್ದು ಹದಿನೈದು ತಿಂಗಳಾದಮೇಲೆ, ಯಾರ ಸುತ್ತಮುತ್ತಲಿನೋರ ಮೇಲೆ ಊರೆಲ್ಲ ಅನುಮಾನ ಪಡ್ತಿತ್ತೋ ಅವನ ಪಕ್ಕದ ಕುರ್ಚಿ ಹತ್ತಿದ. ಆ ಕುರ್ಚಿ ಖಾಲಿಯಾಗಿದ್ದಾದ್ರೂ ಯಾಕೆ?

ಅಳಿಯ: ಒಗಿಂಗಾ ಒಡಿಂಗಾ ಏಪ್ರಿಲಲ್ಲಿ ಬಿಟ್ಟುಹೋಗಿದ್ರು.

ಅತ್ತೆ: ಸುಮ್ನೆ ಹೋದನೇ? ಜಗಳ ಆಡಿ, ಕಾರಣ ಹೇಳಿ, ವಿರೋಧ ಪಕ್ಷ ಕಟ್ಟಿದ. ನಿಮ್ಮ ಮುರುಂಬಿ ಅಂಥವನ ಜಾಗಕ್ಕೆ ಹೋಗಿ ಕೂತ. ನೀನು ಇವನನ್ನ ಕುರ್ಚಿ ಬಿಟ್ಟ ತ್ಯಾಗಿ ಅಂತ ಬರೆಯೋಕೆ ಹೊರಟಿದ್ದೀಯ, ನಿನ್ನ ಮುಖ ನೋಡಿದ್ರೇ ಗೊತ್ತಾಗತ್ತೆ. ನಮ್ಮೋರಿಗೆ ಇದೊಂದು ಚಪಲ. ಬಿಟ್ಟೋನನ್ನ ಕಂಡ್ರೆ ಕೈಮುಗಿಯೋದು. ಹತ್ತಿದ್ದು ಯಾಕೆ ಅಂತ ಮೊದಲು ಕೇಳು.

ಅಳಿಯ: ಕೇಳಿದೀನಿ ಅತ್ತೆ. ಒಳಗಿದ್ದು ಸರಿಮಾಡಬಹುದು ಅಂತ ಅಂದ್ಕೊಂಡಿರಬಹುದು. ಕೆನ್ಯಾಟಾ ಅಂದ್ರೆ ಅವರಿಗೆ ಬರೀ ಅಧ್ಯಕ್ಷ ಅಲ್ಲ. ಜೈಲಲ್ಲಿದ್ದ ಆ ಮನುಷ್ಯನಿಗೋಸ್ಕರ ಒಂಬತ್ತು ವರ್ಷ ಪರದೇಶದಲ್ಲಿ ಅಲೆದಿದ್ರು. ಅಂಥವನ ಮೇಲಿನ ನಂಬಿಕೆ ಒಂದೇ ದಿನಕ್ಕೆ ಹೋಗತ್ತಾ? ಜೊತೇಲಿ ಜೈಲಲ್ಲಿದ್ದ ಬಿಲ್ಡಾಡ್ ಕಗ್ಗಿಯಾನನ್ನೇ 1965ರಲ್ಲಿ ತುಂಬಿದ ಸಭೇಲಿ ಕೆನ್ಯಾಟಾ ಹಂಗಿಸಿದ: ನಮ್ಮ ಜೊತೆ ಜೈಲಲ್ಲಿದ್ದೋರೆಲ್ಲ ತೋಟ, ಮನೆ ಮಾಡ್ಕೊಂಡ್ರು, ನೀನು ನಿನಗೋಸ್ಕರ ಏನು ಮಾಡ್ಕೊಂಡೆ ಅಂತ. ಅಷ್ಟು ಹೊತ್ತಿಗೆ ಅಧಿಕಾರ ಎತ್ತ ಹೊರಟಿದೆ ಅಂತ ಎಲ್ಲರಿಗೂ ಕಾಣಿಸ್ತಿತ್ತು. ಮುರುಂಬಿಗೂ ಕಾಣಿಸಿತು, ಸ್ವಲ್ಪ ತಡವಾಗಿ. 1966 ಮುಗಿಯೋದ್ರೊಳಗೆ ಕುರ್ಚಿ ಬಿಟ್ರು.

ಅತ್ತೆ: ಏನು ಕಾರಣ ಕೊಟ್ಟು?

ಅಳಿಯ: ಆರೋಗ್ಯ.

ಅತ್ತೆ: ನೋಡಿದೆಯಾ!

ಅಳಿಯ: ನಿಜವಾದ ಕಾರಣ ಭ್ರಷ್ಟಾಚಾರದ ಬೇಸರ, ಪಿಂಟೋ ಸಾವು ಅಂತ ಹತ್ತಿರದೋರೆಲ್ಲ ಹೇಳಿದಾರೆ.

ಅತ್ತೆ: ಹತ್ತಿರದೋರು ಹೇಳಿದಾರೆ, ಅವನು ಹೇಳ್ಲಿಲ್ಲ. ಉಪಾಧ್ಯಕ್ಷನಾಗಿದ್ದೋನು ಎದ್ದುನಿಂತು, ಹೀಗ್ಹೀಗೆ ನಡೀತಿದೆ, ಅದಕ್ಕೆ ಹೋಗ್ತಿದೀನಿ ಅಂದಿದ್ರೆ ಆ ಮಾತಿಗೆ ತೂಕ ಇರ್ತಿತ್ತು. ಹುಷಾರಿಲ್ಲ ಅಂತ ರಜಾಚೀಟಿ ಕೊಟ್ಟುಹೋಗೋದು ರಾಜೀನಾಮೆ ಅಲ್ಲ. ಇವನು ಬಿಟ್ಟ ಕುರ್ಚಿಗೆ ಯಾರು ಬಂದ್ರು?

ಅಳಿಯ: ಡೇನಿಯಲ್ ಅರಪ್ ಮೊಯ್. 1967ರ ಜನವರೀಲಿ.

ಅತ್ತೆ: ಅವನು ಅಲ್ಲಾಡದೆ ಕೂತ. 1978ರ ಆಗಸ್ಟಲ್ಲಿ ಕೆನ್ಯಾಟಾ ಸತ್ತ, ಉಪಾಧ್ಯಕ್ಷ ಅಧ್ಯಕ್ಷ ಆದ. 2002ರವರೆಗೆ, ಇಪ್ಪತ್ತನಾಲ್ಕು ವರ್ಷ. 1982ರಲ್ಲಿ ಒಂದೇ ಪಕ್ಷ ಅಂತ ಸಂವಿಧಾನಕ್ಕೇ ಬರೆಸಿದ. ಬಳ್ಳಾರಿಯೋನು ಬಾಯಿ ಮುಚ್ಚಿಕೊಂಡು ಹನ್ನೆರಡು ವರ್ಷ ಕೂತಿದ್ರೆ ಆ ದೇಶದ ಹಣೆಬರಹ ಬೇರೆ ಆಗ್ತಿರಲಿಲ್ವಾ?

ಅಳಿಯ: ಈಗ ನೀವೇ ಎರಡು ನಾಲಿಗೇಲಿ ಮಾತಾಡ್ತಿದೀರಿ. ಹತ್ತಿದ್ದು ತಪ್ಪು ಅಂದ್ರಿ, ಈಗ ಇಳಿದದ್ದು ತಪ್ಪು ಅಂತೀರಿ.

ಅತ್ತೆ: ಹತ್ತಿದ್ದೂ ತಪ್ಪಲ್ಲ, ಇಳಿದದ್ದೂ ತಪ್ಪಲ್ಲ. ಎರಡು ಸಲವೂ ಮಾತಾಡದೆ ಇದ್ದದ್ದು ತಪ್ಪು. ನಮ್ಮ ಬಿ. ಡಿ. ಜತ್ತಿಯವರನ್ನೇ ತಗೋ. ಜಮಖಂಡಿ ಕಡೆಯ ಸಾವಳಗಿಯೋರು, ಉಪರಾಷ್ಟ್ರಪತಿ ಆಗಿದ್ರು. 1977ರ ಫೆಬ್ರವರೀಲಿ ಫಕ್ರುದ್ದೀನ್ ಅಲಿ ಅಹಮದ್ ತೀರಿಕೊಂಡಾಗ ಹಂಗಾಮಿ ರಾಷ್ಟ್ರಪತಿ ಆದ್ರು. ಒಂಬತ್ತು ರಾಜ್ಯಗಳ ವಿಧಾನಸಭೆ ವಿಸರ್ಜನೆ ಮಾಡಿ ಅಂತ ಜನತಾ ಸರ್ಕಾರ ಕಾಗದ ಕಳಿಸಿದ್ರೆ ತಕ್ಷಣ ರುಜು ಹಾಕ್ಲಿಲ್ಲ, ಕೂತು ಯೋಚಿಸಿದ್ರು. ಕೊನೆಗೆ ಹಾಕಿದ್ರು. ಸರಿಯೋ ತಪ್ಪೋ, ಆ ಎರಡನೇ ಕುರ್ಚಿ ಅನ್ನೋದು ಎಷ್ಟು ಇಕ್ಕಟ್ಟು ಅಂತ ದೇಶಕ್ಕೆಲ್ಲ ಕಾಣಿಸಿತು. ಮುರುಂಬಿ ತನ್ನ ಇಕ್ಕಟ್ಟನ್ನ ಯಾರಿಗೂ ತೋರಿಸ್ಲಿಲ್ಲ.

ಅಳಿಯ: ಜತ್ತಿಯವರ ಮನೆ ಗೇಟಿನ ಹತ್ರ ಯಾರೂ ಪಿಸ್ತೂಲು ಹಿಡಿದು ಕಾಯ್ತಿರಲಿಲ್ಲ ಅತ್ತೆ. ಮಾತಾಡಿದ ಒಡಿಂಗಾನ ಗತಿ ಏನಾಯ್ತು? 1969ರ ಜುಲೈಯಲ್ಲಿ ಮಂತ್ರಿ ಟಾಮ್ ಎಂಬೋಯಾನ ಕೊಲೆ. ಅಕ್ಟೋಬರಲ್ಲಿ ಕಿಸುಮುನಲ್ಲಿ ಕೆನ್ಯಾಟಾನ ಕಾವಲಿನೋರೇ ಜನರ ಮೇಲೆ ಗುಂಡು ಹಾರಿಸಿದ್ರು. ಒಡಿಂಗಾನ ಪಕ್ಷ ನಿಷೇಧ, ಅವನು ಬಂಧನದಲ್ಲಿ. 1975ರಲ್ಲಿ ಸಂಸತ್ ಸದಸ್ಯ ಜೆ. ಎಂ. ಕರಿಯುಕಿ ಹೆಣ ಕಾಡಲ್ಲಿ ಸಿಕ್ತು. ಮಾತಾಡಬೇಕಿತ್ತು ಅಂತ ನಾವು ಹದಿನೈದನೇ ಕ್ರಾಸಲ್ಲಿ ಕೂತು ಹೇಳೋದು ಸುಲಭ.

ಅತ್ತೆ: ಅದು ನಿಜ. ಒಪ್ಪಿದೆ. ಬಿಟ್ಟಮೇಲೆ ಏನು ಮಾಡಿದ?

ಅಳಿಯ: ಸ್ವಲ್ಪ ಕಾಲ ಸಿಗರೇಟು ಕಂಪನಿಯೊಂದರಲ್ಲಿ ಹುದ್ದೆ.

ಅತ್ತೆ: ಅಯ್ಯೋ!

ಅಳಿಯ: ನಗಬೇಡಿ, ಅವರು ಬದುಕಿದ್ದು ಅದಕ್ಕಲ್ಲ. ಪುಸ್ತಕ, ಹಳೇ ಕಾಗದಪತ್ರ, ಅಂಚೆಚೀಟಿ, ಕಲಾಕೃತಿ, ಆಭರಣ, ಬಟ್ಟೆ, ಆಫ್ರಿಕಾಕ್ಕೆ ಸಂಬಂಧಪಟ್ಟದ್ದು ಸಿಕ್ಕಿದ್ದೆಲ್ಲ ಸೇರಿಸಿದ್ರು. ಹೆಂಡತಿ ಶೀಲಾ ಇಂಗ್ಲೆಂಡಿನೋರು, ಅವರಿಗೂ ಅದೇ ಹುಚ್ಚು. ಎಪ್ಪತ್ತರ ದಶಕದಲ್ಲಿ ಕಲಾಸಂಗ್ರಾಹಕ ಆಲನ್ ಡೊನೊವನ್ ಜೊತೆ ಸೇರಿ ಆಫ್ರಿಕನ್ ಹೆರಿಟೇಜ್ ಅಂತ ಕಲಾಮಳಿಗೆ ತೆಗೆದ್ರು. ಇಡೀ ಖಂಡದ ಕೈಕೆಲಸ ಒಂದೇ ಕಡೆ. 1900ಕ್ಕಿಂತ ಮೊದಲು ಅಚ್ಚಾದ ಪುಸ್ತಕಗಳೇ ಸುಮಾರು 8,000 ಇದ್ವು. ಅವು ಈಗ ಕೀನ್ಯಾ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ನಾನು ಹೋಗಿ ನೋಡಿದೆ. ಊರ ನಡುವೆ, ಹಿಂದೆ ಬ್ಯಾಂಕ್ ಆಗಿದ್ದ ಕಲ್ಲಿನ ಕಟ್ಟಡ. ಕೆಳಗಿನ ಅಂತಸ್ತಲ್ಲಿ ಮುರುಂಬಿ ಸಂಗ್ರಹ. ಆ ಕಟ್ಟಡ ಇರೋ ರಸ್ತೆ ಹೆಸರು ಏನು ಹೇಳಿ.

ಅತ್ತೆ: ಕೆನ್ಯಾಟಾ ರಸ್ತೆ.

ಅಳಿಯ: ಮೊಯ್ ಅವೆನ್ಯೂ.

ಅತ್ತೆ: ಸರಿಹೋಯ್ತು!

ಅಳಿಯ: ಇನ್ನೂ ಇದೆ. ಸಂಗ್ರಹದ ಇನ್ನೊಂದು ಭಾಗ ನೈರೋಬಿ ಗ್ಯಾಲರಿಯಲ್ಲಿದೆ. ಅದರ ಪಕ್ಕದ ಎತ್ತರದ ಕಟ್ಟಡ ನ್ಯಾಯೋ ಹೌಸ್. ಎಂಬತ್ತರ ದಶಕದಲ್ಲಿ ಮೊಯ್ ಪೊಲೀಸರು ವಿರೋಧಿಗಳನ್ನ ಅದರ ನೆಲಮಾಳಿಗೇಲಿ ಕೂಡಿಹಾಕಿ ಹಿಂಸೆ ಕೊಡ್ತಿದ್ರು. ಅಧ್ಯಕ್ಷ ಆದೋನ ನೆಲಮಾಳಿಗೆ ಒಂದು ಕಡೆ, ಆಗದೆ ಹೋದೋನ ಗಾಜಿನ ಕಪಾಟು ಇನ್ನೊಂದು ಕಡೆ. ಮಧ್ಯೆ ಒಂದು ಅಂಗಳ, ಅಷ್ಟೇ.

ಅತ್ತೆ: ಮನೆ ಏನಾಯ್ತು?

ಅಳಿಯ: ಮುಥೈಗಾದಲ್ಲಿ ದೊಡ್ಡ ಮನೆ. ಆಫ್ರಿಕಾ ಅಧ್ಯಯನ ಸಂಸ್ಥೆ ಮಾಡ್ಬೇಕು ಅನ್ನೋ ಷರತ್ತಿನ ಮೇಲೆ ಸರ್ಕಾರಕ್ಕೆ ಕೊಟ್ರು. ಸಂಸ್ಥೆ ಬರ್ಲಿಲ್ಲ. ಮನೆ ಒಡೆದುಹಾಕಿದ್ರು.

ಅತ್ತೆ: ಇದನ್ನ ಕೇಳೋಕೆ ನೈರೋಬಿಗೆ ಹೋಗ್ಬೇಕಾಗಿರ್ಲಿಲ್ಲ ಬಿಡು. ಈ ಬೀದೀಲೇ ಎಷ್ಟು ಮನೆ ನೋಡಿದೀವಿ. ಮಣ್ಣು ಮಾಡಿದ್ದು?

ಅಳಿಯ: 1990ರ ಜೂನ್ 22ಕ್ಕೆ ಹೋದ್ರು. ನೈರೋಬಿಯ ಸಿಟಿ ಪಾರ್ಕಲ್ಲಿ, ಪಿಂಟೋ ಸಮಾಧಿಗೆ ಹತ್ತಿರ ಜಾಗ ಬೇಕು ಅಂತ ಮೊದಲೇ ಹೇಳಿಟ್ಟಿದ್ರು. ಅಲ್ಲೇ ಆಯ್ತು. ನೀವು ಕೇಳಿದ ಹೇಳಿಕೆ ಅದೇ ಅಂತ ನಾನು ಅಂದ್ಕೊಂಡಿದೀನಿ ಅತ್ತೆ. ಮಂತ್ರಿಗಳ ಪಕ್ಕ ಬೇಡ, ಗುಂಡು ತಿಂದೋನ ಪಕ್ಕ ಹಾಕಿ ಅಂದ್ರು.

ಅತ್ತೆ: ಇಪ್ಪತ್ತೈದು ವರ್ಷ ತಡವಾಗಿ.

ಅಳಿಯ: ಹೌದು, ತಡವಾಗಿ.

ಅತ್ತೆ: ನಾನು ಪೇಪರು ತಿದ್ದಿದೋಳು, ಅಂಕ ಕೊಡದೆ ಬಿಡೋದಿಲ್ಲ. ರಾಜೀನಾಮೆಗೆ ನೂರಕ್ಕೆ ನಲವತ್ತು, ಪಾಸು, ಅಷ್ಟೇ. ಪತ್ರಾಗಾರಕ್ಕೆ ತೊಂಬತ್ತು. ಅಧಿಕಾರದಲ್ಲಿ ಕೂತೋರು ಮೊದಲು ಸುಡೋದು ಕಾಗದ. ಇವನು ಕಾಗದ ಉಳಿಸಿದ. ಕೆನ್ಯಾಟಾ, ಮೊಯ್ ಇಬ್ಬರ ಲೆಕ್ಕ ಮುಂದೆ ಯಾರಾದ್ರೂ ಬರೀತೀನಿ ಅಂತ ಕೂತ್ರೆ ಇವನ ಕಪಾಟಿಗೇ ಬರಬೇಕು. ಅಧ್ಯಕ್ಷರಾದೋರೆಲ್ಲ ಅಷ್ಟು ಮಾಡಿಲ್ಲ.

ಅಳಿಯ: ಹಾಗಾದ್ರೆ ಲೇಖನ ಹೇಗೆ ಬರೀಲಿ?

ಅತ್ತೆ: ಮುರುಂಬೀನ ದೇವರು ಮಾಡ್ಬೇಡ, ಕೆನ್ಯಾಟಾನ್ನ ರಾಕ್ಷಸ ಮಾಡ್ಬೇಡ. ಜೈಲಿನ ವರ್ಷಗಳನ್ನೂ ಬರಿ, ಆಮೇಲೆ ಅವನ ಕುಟುಂಬದ ಕೈಗೆ ಬಂದ ಸಾವಿರಾರು ಎಕರೆ ಜಮೀನನ್ನೂ ಬರಿ. ಆ ಹದಿನೈದು ತಿಂಗಳು ಬಿಡ್ಬೇಡ. ಪಿಂಟೋಗೆ ಜಾಸ್ತಿ ಜಾಗ ಕೊಡು, ಅವನು ನಿಜವಾಗಿ ಬೆಲೆ ತೆತ್ತೋನು, ಸತ್ತಾಗ ಇನ್ನೂ ಮೂವತ್ತೇಳು. ಕೀನ್ಯಾ ಸರ್ಕಾರ 2008ರಲ್ಲಿ ಅವನ ಅಂಚೆಚೀಟಿ ತಂದಿದೆ ಅಂತ ನೀನೇ ಅವತ್ತು ಹೇಳಿದೆ. ಕೊನೇಲಿ ಒಂದು ಮಾತು ಸೇರಿಸು: ಕರ್ನಾಟಕ ಕಾಲೇಜಲ್ಲಿ, ಬಳ್ಳಾರಿಯಲ್ಲಿ ಇತಿಹಾಸ ಓದೋ ಮಕ್ಕಳು ಯಾರಾದ್ರೂ ಹಳೇ ದಾಖಲಾತಿ ಪುಸ್ತಕ ತೆಗೆಸಿ ನೋಡಿ, ಜುಜಾರ್ಟೆ ಮತ್ತು ಪಿಂಟೋ ಅನ್ನೋ ಹೆಸರು ಹುಡುಕಿ, ಕನ್ನಡದಲ್ಲಿ ಬರೀಲಿ ಅಂತ. ನಾನು ಹುಡುಕ್ಲಿಲ್ಲ, ನೀನು ಕಂಪನಿ ಕೆಲಸದೋನು. ಅದು ಅವರು ಮಾಡಬೇಕಾದ ಕೆಲಸ.